ಮೊದಲ ಸಲ ಅಭ್ಯಂಗಕ್ಕೆ ಹೋಗುವವರಿಗೆ: ಸುಮ್ಮನೆ ಮಲಗಬೇಡಿ, ಮಾತಾಡಿ

ಪ್ರಶ್ನೆ: ನನಗೆ 46 ವರ್ಷ. ಹಾವೇರಿ ಜಿಲ್ಲೆಯ ಹೈಸ್ಕೂಲಿನಲ್ಲಿ ಗಣಿತ ಶಿಕ್ಷಕಿ. ಎರಡು ವರ್ಷದಿಂದ ಕುತ್ತಿಗೆ ಮತ್ತು ಬಲ ಭುಜ ನೋಯುತ್ತಿವೆ. ಎಕ್ಸ್‌ರೇ ನೋಡಿದವರು ‘ಸ್ವಲ್ಪ ಸವಕಳಿ ಇದೆ’ ಎಂದರು. ಈಗ ಆಯುರ್ವೇದ ವೈದ್ಯರೊಬ್ಬರು ಏಳು ದಿನ ಅಭ್ಯಂಗ (ಮೈಗೆ ಎಣ್ಣೆ ಹಚ್ಚಿ ನೀವುವುದು), ಸ್ವೇದನ (ಹಬೆ ಹಿಡಿಸಿ ಬೆವರಿಸುವುದು) ಮಾಡಿಸಿಕೊಳ್ಳಿ ಎಂದಿದ್ದಾರೆ. ದಸರಾ ರಜೆಯಲ್ಲಿ ಮಾಡಿಸೋಣ ಅಂದುಕೊಂಡಿದ್ದೇನೆ. ಆದರೆ ಮಸಾಜ್ ಅಂದರೇನೇ ಮುಜುಗರ. ಬಟ್ಟೆ ಎಷ್ಟು ತೆಗೆಯಬೇಕು? ಮಾಡುವವರು ಗಂಡಸರೋ ಹೆಂಗಸರೋ? ತಾಳಿ ತೆಗೆಯಬೇಕಾ? ನೋವಾಗುತ್ತಾ? ಬಿಪಿ ಮಾತ್ರೆ ತಗೊಳ್ಳುತ್ತೇನೆ, ಕಾಲಲ್ಲಿ ನರ ಉಬ್ಬಿವೆ. ಇದಕ್ಕೆಲ್ಲ ತೊಂದರೆ ಇಲ್ವಾ? ಎದುರಿಗೆ ಯಾರನ್ನೂ ಕೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಉತ್ತರ: ನಿಮ್ಮ ಕೊನೆಯ ಸಾಲು ಓದಿ ನಗು ಬಂತು. ಹದಿನೆಂಟು ವರ್ಷದಿಂದ ಪಂಚಕರ್ಮ ವಿಭಾಗದಲ್ಲಿ, ಅಂದರೆ ಆಯುರ್ವೇದದ ಇಂಥ ಎಣ್ಣೆ, ಹಬೆಯ ಚಿಕಿತ್ಸೆಗಳು ನಡೆಯುವ ಕಡೆ, ಕೆಲಸ ಮಾಡುತ್ತಿದ್ದೇನೆ. ಮೊದಲ ಸಲ ಬರುವವರ ತಲೆಯಲ್ಲಿ ಇರುವುದು ಇವೇ ಪ್ರಶ್ನೆಗಳು. ಬಾಯಿಗೆ ಬರುವುದು ಮಾತ್ರ ‘ಎಷ್ಟು ಹೊತ್ತಾಗುತ್ತೆ ಡಾಕ್ಟ್ರೇ?’ ಅನ್ನೋದು.

ನಾನೂ ಹಾಗೇ ಇದ್ದೆ. ಆಯುರ್ವೇದ ಪದವಿ ಬಿಎಎಂಎಸ್ ಓದುವಾಗ ನಾವು ಒಬ್ಬರ ಮೇಲೊಬ್ಬರು ಅಭ್ಯಂಗ ಕಲಿಯುತ್ತಿದ್ದೆವು. ಮೊದಲ ದಿನ ಹಲಗೆಯ ಮೇಲೆ ಮಲಗಿದ್ದು ನಾನು. ಗೆಳತಿ ಎಣ್ಣೆಯ ಬಿಸಿ ನೋಡದೆ ಬೆನ್ನಿಗೆ ಸುರಿದಳು. ಚುರ್ ಎಂದಿತು. ಪಕ್ಕದಲ್ಲಿ ಮೇಷ್ಟ್ರು ನಿಂತಿದ್ದರು, ಅವಳ ಅಂಕ ಹೋಗುತ್ತಲ್ಲ ಎಂದು ನಾನು ತುಟಿ ಕಚ್ಚಿಕೊಂಡು ಮಲಗಿದೆ. ಸಂಜೆ ನೋಡಿದರೆ ಬೆನ್ನ ಮೇಲೆ ಅಂಗೈಯಗಲ ಕೆಂಪು. ಗೆಳತಿ ಅತ್ತಳು, ಮೇಷ್ಟ್ರು ನನ್ನನ್ನೇ ಬೈದರು: ‘ಬಾಯಿ ಇರಲಿಲ್ವಾ ನಿನಗೆ?’

ಆ ಬೈಗುಳವನ್ನೇ ಈಗ ನಾನು ಎಲ್ಲರಿಗೂ ಸ್ವಲ್ಪ ಮೆತ್ತಗೆ ಹೇಳುತ್ತೇನೆ. ಹಲಗೆಯ ಮೇಲೆ ಮಲಗಿದ ಕೂಡಲೇ ನಮ್ಮವರು ಪರೀಕ್ಷೆಗೆ ಕೂತವರ ಹಾಗೆ ಆಗಿಬಿಡುತ್ತಾರೆ. ನೋವಾದರೂ ಸಹಿಸುತ್ತಾರೆ, ಚಳಿಯಾದರೂ ಸಹಿಸುತ್ತಾರೆ. ‘ಅವರಿಗೆ ಗೊತ್ತಿರುತ್ತೆ ಬಿಡು’ ಎಂದುಕೊಳ್ಳುತ್ತಾರೆ. ಗೊತ್ತಿರುವುದಿಲ್ಲ. ನಿಮ್ಮ ಮೈಯೊಳಗೆ ಏನಾಗುತ್ತಿದೆ ಎಂದು ಬಲ್ಲವರು ಆ ಕೋಣೆಯಲ್ಲಿ ನೀವೊಬ್ಬರೇ. ‘ಬಿಸಿಯಾಯ್ತು’, ‘ಜೋರಾಯ್ತು’, ‘ಅಲ್ಲಿ ಬೇಡ’, ‘ಸಾಕು’. ಈ ನಾಲ್ಕು ಮಾತನ್ನು ಮನೆಯಿಂದಲೇ ಅಭ್ಯಾಸ ಮಾಡಿಕೊಂಡು ಹೋಗಿ.

ಇನ್ನು ಮುಜುಗರ. ಮಸಾಜ್ ಎಂಬ ಪದಕ್ಕೆ ನಮ್ಮ ಊರುಗಳಲ್ಲಿ ಒಂದು ಕೆಟ್ಟ ವಾಸನೆ ಅಂಟಿಕೊಂಡಿದೆ, ಸುಳ್ಳೇನಲ್ಲ. ಆದರೆ ವಿಷಯ ಮಾತ್ರ ಹೊಸದಲ್ಲ. ಹುಟ್ಟಿದ ಕೆಲವೇ ದಿನಕ್ಕೆ ಅಜ್ಜಿಯೊಬ್ಬಳು ನಿಮ್ಮನ್ನು ಚಾಚಿದ ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತೀಡಿ, ಬಿಸಿನೀರು ಎರೆದಿರುತ್ತಾಳೆ. ಬಾಣಂತನದಲ್ಲಿ ನಿಮಗೂ ಯಾರೋ ಎರೆದಿರಬಹುದು. ದೀಪಾವಳಿಯ ನರಕ ಚತುರ್ದಶಿಯ ಬೆಳಗ್ಗೆ ನೆತ್ತಿಗೆ ಎಣ್ಣೆ ಇಟ್ಟುಕೊಂಡೇ ಬೆಳೆದವರು ನಾವು. ಅಭ್ಯಂಗ ಅಂದರೆ ಅದೇ, ಹೆಚ್ಚುಕಮ್ಮಿ. ಬಚ್ಚಲಿನಿಂದ ಆಸ್ಪತ್ರೆಗೆ ಬಂದಿದೆ, ಅಜ್ಜಿಯ ಜಾಗದಲ್ಲಿ ತರಬೇತಿ ಪಡೆದ ಹುಡುಗಿಯರಿದ್ದಾರೆ, ಹಂಡೆಯ ಬದಲು ಹಬೆ ಪೆಟ್ಟಿಗೆ ಇದೆ.

ಎಲ್ಲಿಗೆ ಹೋಗಬೇಕು ಎಂದು ನೀವು ಕೇಳಿಲ್ಲ, ಆದರೂ ಎರಡು ಮಾತು. ನಿಮ್ಮದು ನೋವಿಗೆ ಚಿಕಿತ್ಸೆ, ಮಾಲ್‌ನ ಸ್ಪಾ ಅಲ್ಲ. ಸ್ಪಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ದಣಿವಾರಿಸಿಕೊಳ್ಳಲು ಚೆನ್ನಾಗಿರುತ್ತೆ. ಆದರೆ ಬಿಪಿ, ಉಬ್ಬಿದ ರಕ್ತನಾಳ ಎರಡೂ ಇರುವವರು ವೈದ್ಯರು ಇರುವ ಕಡೆಗೇ ಹೋಗಬೇಕು. ಮೈಸೂರು, ಬೆಂಗಳೂರು, ಬಳ್ಳಾರಿ, ಶಿವಮೊಗ್ಗದಲ್ಲಿ ಸರ್ಕಾರಿ ಆಯುರ್ವೇದ ಕಾಲೇಜುಗಳಿವೆ. ಮೈಸೂರಿನದು 1908ರಲ್ಲಿ ಶುರುವಾದದ್ದು. ಇಂಥ ಕಡೆ ಪಂಚಕರ್ಮ ವಿಭಾಗ ಇರುತ್ತದೆ, ಖರ್ಚು ಖಾಸಗಿಗಿಂತ ಬಹಳ ಕಡಿಮೆ, ಆದರೆ ಸರದಿ ಕಾಯಬೇಕು. ಖಾಸಗಿ ಕ್ಲಿನಿಕ್ ಆದರೆ ಗೋಡೆ ನೋಡಿ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಎಲ್ಲರೂ ಕೆಪಿಎಂಇ ಎನ್ನುವ ಕಾಯ್ದೆಯಡಿ, ನೋಂದಣಿ ಪತ್ರ ನೇತಾಡುತ್ತಿರಬೇಕು. ಅದಕ್ಕಿಂತ ಸುಲಭದ ಗುರುತು ಇನ್ನೊಂದಿದೆ. ಒಳ್ಳೆಯ ಜಾಗದಲ್ಲಿ ನಿಮ್ಮನ್ನು ಮುಟ್ಟುವ ಮುಂಚೆ ಪ್ರಶ್ನೆ ಕೇಳುತ್ತಾರೆ. ಏನೂ ಕೇಳದೆ ‘ಬನ್ನಿ, ಮಲಗಿ’ ಎಂದರೆ ಎದ್ದು ಬನ್ನಿ.

ಈಗ ನಿಮ್ಮ ಕಾಲು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಮುಖ್ಯವಾಗಿ ಕಂಡದ್ದು ಇದೇ. ನಾವು ‘ನರ’ ಎಂದು ಕರೆಯುವುದು ಇಲ್ಲಿ ನರ ಅಲ್ಲ, ಅಶುದ್ಧ ರಕ್ತ ಒಯ್ಯುವ ನಾಳ. ಕಾಲಿನ ರಕ್ತ ಮೇಲೆ ಹತ್ತಬೇಕಲ್ಲ, ಅದಕ್ಕೆ ಈ ನಾಳಗಳ ಒಳಗೆ ಒಂದೇ ಕಡೆ ತೆರೆಯುವ ಪುಟ್ಟ ಕವಾಟಗಳಿವೆ. ವರ್ಷಗಟ್ಟಲೆ ನಿಂತು ಕೆಲಸ ಮಾಡುವವರಲ್ಲಿ ಅವು ಸಡಿಲಾಗಬಹುದು. ಪಾಠ ಮಾಡುವವರು, ಬಸ್ ಕಂಡಕ್ಟರು, ಅಡುಗೆಯವರು ಎಲ್ಲರೂ ಈ ಸಾಲಿನವರೇ. ಕವಾಟ ಸಡಿಲಾದರೆ ರಕ್ತ ಕೆಳಗೇ ನಿಂತು ನಾಳ ಉಬ್ಬುತ್ತದೆ. ಇದೇ ವೆರಿಕೋಸ್ ವೇನ್ಸ್. ಇದು ಇದ್ದ ಮಾತ್ರಕ್ಕೆ ಅಭ್ಯಂಗವೇ ಬೇಡ ಎಂದಲ್ಲ. ಉಬ್ಬಿದ ಜಾಗವನ್ನು ಒತ್ತಬಾರದು, ಹಿಸುಕಬಾರದು. ಅಲ್ಲಿ ಎಣ್ಣೆ ಸವರಿದರೆ ಸಾಕು, ಅದೂ ಪಾದದಿಂದ ಮೇಲಕ್ಕೆ, ಹಗುರವಾಗಿ. ವೈದ್ಯರು ‘ಕಾಲು ಬಿಟ್ಟುಬಿಡಿ’ ಎಂದರೂ ಬೇಸರ ಬೇಡ, ನಿಮ್ಮ ನೋವು ಇರುವುದು ಕುತ್ತಿಗೆಯಲ್ಲಿ.

ಇಲ್ಲೊಂದು ಅಪಾಯವಿದೆ. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದ ಹಾಗೆ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ನೀವಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತಾಗಬಹುದು. ಅಂಥ ಕಾಲಿಗೆ ಮನೆಯಲ್ಲೂ ಎಣ್ಣೆ ತಿಕ್ಕಬಾರದು. ಮೊದಲು ಆಸ್ಪತ್ರೆ, ನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್.

ಬಿಪಿ ಮಾತ್ರೆಯನ್ನು ಎಂದಿನಂತೆ ತಗೊಳ್ಳಿ, ‘ಇವತ್ತು ಚಿಕಿತ್ಸೆ ಇದೆಯಲ್ಲ’ ಎಂದು ಬಿಡಬೇಡಿ. ಮಾತ್ರೆಯ ಚೀಟಿ ಜೊತೆಗಿರಲಿ. ಒಳಗೆ ಹೋಗುವ ಮುಂಚೆ ಬಿಪಿ ನೋಡುತ್ತಾರೆ, ಜಾಸ್ತಿ ಇದ್ದರೆ ಅವತ್ತು ಬೇಡ ಎನ್ನುತ್ತಾರೆ. ಹಾಗೆಯೇ ರಕ್ತ ತೆಳುವಾಗುವ ಮಾತ್ರೆ, ಸಕ್ಕರೆ ಕಾಯಿಲೆ, ಹಳೆಯ ಆಪರೇಷನ್, ಮೈಮೇಲಿನ ಗಾಯ, ಹುಳಕಡ್ಡಿ, ಇವನ್ನೆಲ್ಲ ಮುಚ್ಚಿಡದೆ ಹೇಳಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿರುವವರಿಗೆ ಬಿಸಿ ತಿಳಿಯುವುದೇ ಇಲ್ಲ, ಸುಟ್ಟ ಮೇಲೆ ಗೊತ್ತಾಗುತ್ತದೆ. ಬಸುರಿಯಾಗಿರಬಹುದು ಎಂಬ ಅನುಮಾನ ಇದ್ದರೂ ಹೇಳಬೇಕು. ಎಳ್ಳು ತಿಂದರೆ ಮೈ ಕೆರೆಯುವವರೂ ಹೇಳಬೇಕು, ನಮ್ಮ ತೈಲಗಳಲ್ಲಿ ಬಹುಪಾಲು ಎಳ್ಳೆಣ್ಣೆಯಲ್ಲೇ ಕಾಯಿಸಿದವು. ಅನುಮಾನವಿದ್ದರೆ ಹಿಂದಿನ ದಿನವೇ ಸ್ವಲ್ಪ ಎಣ್ಣೆ ಕೇಳಿ ತಂದು ಮುಂಗೈಗೆ ಹಚ್ಚಿ ನೋಡಿ. ಜ್ವರ, ನೆಗಡಿ, ಅಜೀರ್ಣ ಇದ್ದ ದಿನ ಹೋಗಲೇಬೇಡಿ. ಕಫ ಕಟ್ಟಿದವರಿಗೂ ಅಜೀರ್ಣ ಆದವರಿಗೂ ಅಭ್ಯಂಗ ಸಲ್ಲದು ಎಂದು ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗ ಹೃದಯದಲ್ಲಿ ಅದನ್ನು ಬರೆದ ವಾಗ್ಭಟನೇ ಹೇಳಿದ್ದಾನೆ. ಮುಟ್ಟಿನ ದಿನಗಳಲ್ಲಿ ಸಾಮಾನ್ಯವಾಗಿ ನಿಲ್ಲಿಸುತ್ತೇವೆ, ಹಾಗಾಗಿ ರಜೆಯ ಏಳು ದಿನ ಆರಿಸುವಾಗ ಕ್ಯಾಲೆಂಡರನ್ನೊಮ್ಮೆ ನೋಡಿಕೊಳ್ಳಿ.

ಬಟ್ಟೆಯ ವಿಷಯಕ್ಕೆ ಬರೋಣ. ಆಯುರ್ವೇದ ಕೇಂದ್ರಗಳಲ್ಲಿ ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಮಾಡುವುದೇ ರೂಢಿ. ಆದರೂ ಹೆಸರು ಬರೆಸುವಾಗಲೇ ಕೇಳಿಕೊಳ್ಳಿ. ಒಳಗೆ ಹೋದ ಮೇಲೆ ಕೌಪೀನದಂಥ ಲಂಗೋಟಿ ಅಥವಾ ಒಂದೇ ಸಲ ಬಳಸಿ ಬಿಸಾಡುವ ಒಳಉಡುಪು ಕೊಡುತ್ತಾರೆ. ಮೇಲೆ ಒಂದು ಬಟ್ಟೆ ಹೊದಿಸುತ್ತಾರೆ. ಕೈಗೆ ಹಚ್ಚುವಾಗ ಕೈ ಮಾತ್ರ, ಕಾಲಿಗೆ ಹಚ್ಚುವಾಗ ಕಾಲು ಮಾತ್ರ ಹೊರಗೆ. ಹೀಗಿರಬೇಕು. ಎಲ್ಲ ಕಡೆ ಹೀಗೇ ಇರುತ್ತದೆ ಎಂದು ನಾನು ಪ್ರಮಾಣ ಮಾಡುವುದಿಲ್ಲ. ಕೆಲವು ಕಡೆ ಹೊದಿಕೆಯ ಬಗ್ಗೆ ಅಸಡ್ಡೆ ಇದೆ. ಇಲ್ಲದಿದ್ದರೆ ಕೇಳಿ. ನಿಮ್ಮದೇ ಒಳಉಡುಪು ಬಿಚ್ಚುವುದಿಲ್ಲ ಎಂದರೂ ಯಾರೂ ಬಲವಂತ ಮಾಡುವ ಹಾಗಿಲ್ಲ. ಹಳೆಯದನ್ನು ಹಾಕಿಕೊಂಡು ಹೋಗಿ, ಎಣ್ಣೆ ಕಲೆ ಹೋಗುವುದಿಲ್ಲ. ಎದೆ, ತೊಡೆಸಂದಿ ಇವಕ್ಕೆಲ್ಲ ಕೈ ಹಾಕುವ ಅಗತ್ಯ ನಿಮ್ಮ ಚಿಕಿತ್ಸೆಯಲ್ಲಿ ಇಲ್ಲ. ಹೊಟ್ಟೆಗೆ ಬೇಡ ಅನ್ನಿಸಿದರೆ ಹೊಟ್ಟೆಯನ್ನೂ ಬಿಡಿಸಬಹುದು. ಮಾಡುವವರ ಮೊಬೈಲ್ ಕೋಣೆಯ ಹೊರಗಿರಲಿ. ‘ಫೋನ್ ಆಚೆ ಇಟ್ಟು ಬನ್ನಮ್ಮ’ ಎಂದು ಹೇಳುವುದು ನಿಮ್ಮ ಹಕ್ಕು, ಅದರಲ್ಲಿ ಅನುಮಾನಪಟ್ಟ ಹಾಗೇನೂ ಆಗುವುದಿಲ್ಲ.

ಕಾಲಲ್ಲಿ ಕೂದಲಿದೆ, ಹೊಟ್ಟೆ ಜೋತಿದೆ, ಸಿಸೇರಿಯನ್ ಕಲೆ ಇದೆ ಎಂದು ಕೆಲವರು ಕ್ಷಮೆ ಕೇಳುತ್ತಾರೆ! ನಮ್ಮ ಹುಡುಗಿಯರು ದಿನವೂ ಎಷ್ಟೋ ಮೈ ನೋಡುತ್ತಾರೆ. ದರ್ಜಿ ಅಳತೆ ತೆಗೆಯುವಾಗ ನಿಮ್ಮನ್ನು ಹೇಗೆ ನೋಡುತ್ತಾನೋ ಹಾಗೆ. ವ್ಯಾಕ್ಸ್ ಮಾಡಿಸಿಕೊಂಡು ಬರಬೇಡಿ, ಆಗಷ್ಟೇ ವ್ಯಾಕ್ಸ್ ಮಾಡಿಸಿದ ಚರ್ಮಕ್ಕೆ ಬಿಸಿ ಎಣ್ಣೆ ಉರಿಯುತ್ತದೆ.

ತಾಳಿ ತೆಗೆಯಲೇಬೇಕು ಅಂತೇನಿಲ್ಲ. ಸರ ದಪ್ಪದ್ದಾದರೆ ಕುತ್ತಿಗೆಗೆ ಕೈ ಆಡುವುದಿಲ್ಲ, ಆ ಏಳು ದಿನ ಅರಿಶಿನದ ದಾರಕ್ಕೆ ಪೋಣಿಸಿಕೊಂಡು ಬರುವವರಿದ್ದಾರೆ. ಬಳೆ, ಉಂಗುರ, ವಾಚು ಮನೆಯಲ್ಲಿ ಬಿಟ್ಟು ಬನ್ನಿ. ಎಣ್ಣೆ ಕೈಯಲ್ಲಿ ಜಾರಿ ಕಳೆದ ಉಂಗುರಕ್ಕೆ ಆಮೇಲೆ ಚರಂಡಿ ಜಾಲರಿ ಕೀಳಬೇಕಾಗುತ್ತದೆ. ಕಿತ್ತಿದ್ದೇವೆ ಕೂಡ.

ತಿಂಡಿ ಹಗುರವಾಗಿ, ಎರಡು ಗಂಟೆ ಮುಂಚೆಯೇ ಮುಗಿಸಿ. ಹಸಿದ ಹೊಟ್ಟೆಯೂ ಬೇಡ, ರೊಟ್ಟಿ ಊಟದ ತುಂಬಿದ ಹೊಟ್ಟೆಯೂ ಬೇಡ. ಶೌಚ ಮುಗಿಸಿಕೊಂಡು ಮಲಗಿ.

ಹಲಗೆ ಎಂದೆನಲ್ಲ, ನಮ್ಮವರು ಅದನ್ನು ದ್ರೋಣಿ ಎನ್ನುತ್ತಾರೆ. ಮರದ್ದು, ಸುತ್ತ ಅಂಚು ಎತ್ತರ, ಎಣ್ಣೆ ಹೊರಗೆ ಹರಿಯದ ಹಾಗೆ. ಗಟ್ಟಿಯಾಗಿರುತ್ತದೆ. ಭುಜ ನೋಯುತ್ತಿದ್ದರೆ ಕೆಳಗೆ ಬಟ್ಟೆ ಮಡಿಸಿ ಇಡಲು ಹೇಳಿ. ಎಣ್ಣೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕಾಯಿಸುತ್ತಾರೆ. ಕುತ್ತಿಗೆ ನೋವಿಗೆ ಮಹಾನಾರಾಯಣ ತೈಲವೋ ಕ್ಷೀರಬಲಾ ತೈಲವೋ ಸಾಮಾನ್ಯ. ವಾಸನೆ ಮಲ್ಲಿಗೆಯದ್ದಲ್ಲ, ಹಳೆ ಗ್ರಂಥಿಗೆ ಅಂಗಡಿಯದ್ದು. ಮೊದಲು ಕೂರಿಸಿ ನೆತ್ತಿ, ಕಿವಿ, ಕುತ್ತಿಗೆ. ಆಮೇಲೆ ಅಂಗಾತ, ಬೋರಲು, ಎರಡೂ ಮಗ್ಗುಲು. ಇಬ್ಬರು ಇಬ್ಬದಿಯಲ್ಲಿ ನಿಂತು ಒಂದೇ ತಾಳದಲ್ಲಿ ಕೈ ಆಡಿಸುತ್ತಾರೆ. ಚೆನ್ನಾಗಿ ಪಳಗಿದ ಜೋಡಿಯಾದರೆ ನಾಲ್ಕು ಕೈ ಇವೆ ಎಂದೇ ಮರೆತುಹೋಗುತ್ತದೆ. ಉದ್ದ ಮೂಳೆಯ ಮೇಲೆ ಉದ್ದುದ್ದ, ಕೀಲಿನ ಮೇಲೆ ಸುತ್ತಸುತ್ತ, ಇದು ನಿಯಮ. ಒಟ್ಟು 45 ನಿಮಿಷ ಇಟ್ಟುಕೊಳ್ಳಿ.

ನೋವಾಗುತ್ತಾ? ಅಭ್ಯಂಗದಲ್ಲಿ ಒತ್ತಡ ಅಷ್ಟೇನೂ ಇರುವುದಿಲ್ಲ. ಗಂಟು ಕಟ್ಟಿದ ಭುಜದ ಮೇಲೆ ಬೆರಳು ಓಡಿದಾಗ ‘ಹಾಂ, ಅಲ್ಲೇ’ ಅನ್ನಿಸುವ ಒಂದು ನೋವಿದೆ. ಅದು ಪರವಾಗಿಲ್ಲ, ಹಿತವೂ ಹೌದು. ಉಸಿರು ಹಿಡಿಯುವ ಹಾಗಾದರೆ ಅದು ಜಾಸ್ತಿ. ತೋಳಿಗೆ ಕರೆಂಟ್ ಹೊಡೆದಂತಾದರೆ, ಬೆರಳು ಜೋಮು ಹಿಡಿದರೆ ಕೂಡಲೇ ನಿಲ್ಲಿಸಿ ಎನ್ನಿ. ‘ನೋವಾದಷ್ಟೂ ಒಳ್ಳೇದು’ ಎನ್ನುವುದು ಗರಡಿಮನೆಯ ಮಾತು. ಅಲ್ಲಿ ಪೈಲ್ವಾನರ ಮೈಗೆ ಅದು ಸರಿ, ಕನ್ನಡಕ ಹಾಕಿ ಉತ್ತರ ಪತ್ರಿಕೆ ತಿದ್ದುವ ಕುತ್ತಿಗೆಗೆ ಅಲ್ಲ.

ಕುತ್ತಿಗೆಯನ್ನು ಹಿಡಿದು ಲಟಕ್ ಎಂದು ತಿರುಗಿಸಲು ಮಾತ್ರ ಯಾರಿಗೂ ಬಿಡಬೇಡಿ. ಅದು ಅಭ್ಯಂಗದ ಭಾಗವೇ ಅಲ್ಲ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯ ಮೂಳೆಗಳ ನಡುವೆಯೇ ಹಾದುಹೋಗುತ್ತವೆ, ಝಾಡಿಸಿ ತಿರುಗಿಸಿದರೆ ಅವುಗಳ ಒಳಪದರ ಹರಿಯಬಹುದು. 2024ರಲ್ಲಿ ಸಲೂನಿನಲ್ಲಿ ತಲೆ ಮಸಾಜ್ ಮಾಡಿ ಕುತ್ತಿಗೆ ತಿರುಗಿಸಿದ ಮೇಲೆ ಬಳ್ಳಾರಿಯ ಯುವಕನೊಬ್ಬನಿಗೆ ಪಾರ್ಶ್ವವಾಯು ಹೊಡೆದದ್ದು ಸುದ್ದಿಯಾಗಿತ್ತು. ಇದನ್ನು ನಿಮ್ಮ ಮನೆಯ ಗಂಡಸರಿಗೂ ಓದಿ ಹೇಳಿ, ಕಟಿಂಗ್ ಶಾಪಿನಲ್ಲಿ ಆ ಲಟಕ್ ಇಲ್ಲದೆ ಏಳದವರು ಅವರೇ ಅಲ್ವಾ.

ಮಾತಾಡಿ ಎಂದೆ, ಆದರೆ ಹರಟೆ ಹೊಡೆಯಬೇಕೆಂದಿಲ್ಲ. ಕಣ್ಣು ಮುಚ್ಚಿ ಮಲಗಬಹುದು. ನಿದ್ದೆ ಬಂದರೆ ಗೊರಕೆ ಬರುತ್ತದೆ, ಹೊಟ್ಟೆ ಗುಡುಗುಡು ಅನ್ನುತ್ತದೆ, ವಾಯು ಹೋಗುತ್ತದೆ. ನಮ್ಮಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಕೆಲವರಿಗೆ ಇದ್ದಕ್ಕಿದ್ದ ಹಾಗೆ ಅಳು ಬರುತ್ತದೆ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ‘ಅಮ್ಮ ಹೋದ ಮೇಲೆ ನನಗೆ ಯಾರೂ ಹೀಗೆ ಎಣ್ಣೆ ಹಚ್ಚಿರಲಿಲ್ಲ’ ಎಂದರು ಒಬ್ಬರು. ಅದಕ್ಕೆ ನಾನು ಕೊಡುವ ವೈದ್ಯಕೀಯ ವಿವರಣೆ ಏನೂ ಇಲ್ಲ. ಬಟ್ಟೆ ಕೊಡುತ್ತೇವೆ, ಕಣ್ಣೊರೆಸಿಕೊಳ್ಳುತ್ತಾರೆ, ಮುಂದುವರಿಸುತ್ತೇವೆ.

ಆಮೇಲೆ ಸ್ವೇದನ. ಪೆಟ್ಟಿಗೆಯೊಳಗೆ ಕೂರಿಸಿಯೋ ಮಲಗಿಸಿಯೋ ತಲೆ ಮಾತ್ರ ಹೊರಗಿಟ್ಟು ಹಬೆ ಬಿಡುತ್ತಾರೆ. ತಲೆಯ ಮೇಲೆ ಒದ್ದೆ ಬಟ್ಟೆ. ಹಣೆಯಲ್ಲಿ ಬೆವರು ಮೂಡಿದರೆ ಸಾಕು, ಅಷ್ಟು ಹೊತ್ತು ಕೂತೆ ಇಷ್ಟು ಹೊತ್ತು ಕೂತೆ ಎಂಬ ಪಂದ್ಯ ಬೇಡ. ನಿಮಗೆ ಬಿಪಿ ಇರುವುದರಿಂದ, ಕಾಲಿನ ನಾಳಗಳೂ ಬಿಸಿಗೆ ಇನ್ನಷ್ಟು ಹಿಗ್ಗುವುದರಿಂದ, ಪೂರ್ತಿ ಮೈಗೆ ಹಬೆ ಬೇಕೇ ಎಂದು ನಿಮ್ಮ ವೈದ್ಯರನ್ನು ಮತ್ತೊಮ್ಮೆ ಕೇಳಿ. ನಾನಾಗಿದ್ದರೆ ಕುತ್ತಿಗೆ, ಭುಜಕ್ಕೆ ಮಾತ್ರ ಕೊಳವೆಯಿಂದ ಹಬೆ ಹಿಡಿಸುತ್ತಿದ್ದೆ. ಇಲ್ಲವೇ ಗ್ರೀವಾ ಬಸ್ತಿ ಮಾಡುತ್ತಿದ್ದೆ. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಕತ್ತಿನ ಹಿಂದೆ ಬೆಚ್ಚನೆ ಎಣ್ಣೆ ನಿಲ್ಲಿಸುವುದದು. ಇದು ನನ್ನ ಅಭಿಪ್ರಾಯ, ನಿಮ್ಮನ್ನು ಪರೀಕ್ಷಿಸಿದವರ ಮಾತು ಇದಕ್ಕಿಂತ ದೊಡ್ಡದು. ಹಬೆಯಲ್ಲಿ ಎದೆ ಡವಡವ ಎಂದರೆ, ಕಣ್ಣು ಕತ್ತಲಿಟ್ಟರೆ ಕೂಗಿ. ‘ನನ್ನೊಬ್ಬಳನ್ನೇ ಬಿಟ್ಟು ಹೊರಗೆ ಹೋಗಬೇಡಿ’ ಎಂದು ಮೊದಲೇ ಹೇಳಿಟ್ಟಿರಿ.

ಈ ಇಡೀ ಚಿಕಿತ್ಸೆಯಲ್ಲಿ ನನಗೆ ಅತಿ ಹೆಚ್ಚು ಭಯ ಯಾವುದು ಗೊತ್ತಾ? ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಜ್ಜಿಯ ಪಾದ ಒರೆಸುವುದನ್ನು ಮರೆತೆವು. ಅಭ್ಯಂಗ ಸೊಗಸಾಗಿ ಆಗಿತ್ತು, ಬಾಯಿ ತುಂಬ ಹೊಗಳಿ ಎದ್ದರು, ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಮಂಡಿನೋವಿಗೆ ಬಂದವರು ಕೈಗೆ ಪಟ್ಟಿ ಕಟ್ಟಿಸಿಕೊಂಡು ಹೋದರು. ಅವತ್ತಿನಿಂದ ನನ್ನಲ್ಲಿ ಅಂಗಾಲು ಒರೆಸಿ, ಚಪ್ಪಲಿ ಹಾಕಿಸಿ, ಕೈ ಹಿಡಿದೇ ಕರೆದೊಯ್ಯುವುದು. ಎದ್ದ ಕೂಡಲೇ ನಿಲ್ಲಬೇಡಿ. ಮಗ್ಗುಲಿಗೆ ಹೊರಳಿ, ಎದ್ದು ಕೂತು, ಒಂದೆರಡು ನಿಮಿಷ ಕಾಲು ಇಳಿಬಿಟ್ಟಿರಿ. ಬಿಪಿ ಮಾತ್ರೆ ತಿನ್ನುವವರಿಗೆ ಥಟ್ಟನೆ ನಿಂತರೆ ತಲೆ ಸುತ್ತುತ್ತದೆ.

ಮೈ ತೊಳೆಯಲು ಹೆಸರುಹಿಟ್ಟೋ ಕಡಲೆಹಿಟ್ಟೋ ಸಾಕು. ತಲೆಗೆ ಸೀಗೆ. ಮೈಗೆ ಬಿಸಿನೀರು, ತಲೆಗೆ ಉಗುರುಬೆಚ್ಚಗಿನದು. ಎಣ್ಣೆ ಪೂರ್ತಿ ಹೋಗಲೇಬೇಕೆಂದು ಮೂರು ಸಲ ಸೋಪು ತಿಕ್ಕಬೇಡಿ. ಅವತ್ತು ಅನ್ನ, ತಿಳಿಸಾರು ಊಟ ಮಾಡಿ, ಸ್ಕೂಟಿ ಓಡಿಸಬೇಡಿ, ಸುಮ್ನೆ ಮಲಗಿ. ಮೈ ಭಾರ, ತೂಕಡಿಕೆ, ಮರುದಿನ ಭುಜದಲ್ಲಿ ಸ್ವಲ್ಪ ನುಲಿತ, ಇವು ಆಗಬಹುದು. ಒಂದೆರಡು ದಿನದಲ್ಲಿ ಹೋಗುತ್ತವೆ. ‘ವಿಷ ಹೊರಗೆ ಬರುತ್ತಿದೆ’ ಎಂದು ಯಾರಾದರೂ ಹೇಳಿದರೆ ತಲೆ ಆಡಿಸಿ ಸುಮ್ಮನಾಗಿ. ಆ ಕೆಲಸ ಮೂತ್ರಪಿಂಡ, ಯಕೃತ್ತು ದಿನವೂ ಮಾಡುತ್ತಿವೆ. ಆದರೆ ಕೈಯಲ್ಲಿ ಬಲ ಕಡಿಮೆಯಾದರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ, ಮಾತು ತೊದಲಿದರೆ, ಉಸಿರು ಕಟ್ಟಿದರೆ ನನ್ನಂಥವರ ಹತ್ತಿರ ಬರಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ.

ಏಳು ದಿನದಲ್ಲಿ ಏನಾಗುತ್ತದೆ? ಸವೆದ ಮೂಳೆ ಹಿಂದಿನಂತಾಗುವುದಿಲ್ಲ. ಆಗುತ್ತದೆ ಎನ್ನುವವರನ್ನು ನಂಬಬೇಡಿ. ನಿಮ್ಮ ವಯಸ್ಸಿನಲ್ಲಿ ಎಕ್ಸ್‌ರೇ ತೆಗೆದರೆ ನೋವೇ ಇಲ್ಲದವರ ಕುತ್ತಿಗೆಯಲ್ಲೂ ಸ್ವಲ್ಪ ಸವಕಳಿ ಕಾಣುವುದು ಸಾಮಾನ್ಯ. ಅಭ್ಯಂಗದಿಂದ ಬಿಗಿದ ಸ್ನಾಯು ಸಡಿಲವಾಗುತ್ತದೆ, ನಿದ್ದೆ ಬರುತ್ತದೆ, ಕೆಲವು ವಾರ ನೋವು ಕಡಿಮೆ ಇರುತ್ತದೆ. ಆ ಬಿಡುವಿನಲ್ಲಿ ಕುತ್ತಿಗೆ, ಭುಜದ ವ್ಯಾಯಾಮ ಶುರು ಮಾಡಿಕೊಂಡರೆ ಲಾಭ ಉಳಿಯುತ್ತದೆ. ಇಲ್ಲದಿದ್ದರೆ ಅರ್ಧವಾರ್ಷಿಕ ಪರೀಕ್ಷೆಯ ಪತ್ರಿಕೆ ತಿದ್ದಲು ತಲೆ ತಗ್ಗಿಸಿ ಕೂತ ಮೂರನೇ ದಿನಕ್ಕೆ ನೋವು ವಾಪಸ್.

ಮೂರು ದಿನವಾದರೂ ಸ್ವಲ್ಪವೂ ಹಗುರ ಅನ್ನಿಸದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಎಣ್ಣೆ ಬದಲಿಸಬಹುದು, ಕ್ರಮ ಬದಲಿಸಬಹುದು, ನಿಲ್ಲಿಸಲೂಬಹುದು. ಏಳು ದಿನದ ಹಣ ಕಟ್ಟಿದ್ದೇನೆ ಎಂದು ಏಳೂ ದಿನ ಸಹಿಸುವವರೇ ಹೆಚ್ಚು. ಸಾಧ್ಯವಾದರೆ ದಿನದ ಲೆಕ್ಕದಲ್ಲಿ ಕಟ್ಟಿ. ಕೊನೆಯ ದಿನ ಹುಡುಗಿಯರ ಕೈಗೆ ಏನಾದರೂ ಕೊಡಬೇಕಾ ಎಂದು ಕೇಳುವಿರಿ. ಕಡ್ಡಾಯವಿಲ್ಲ. ಕೊಟ್ಟರೆ ಇಬ್ಬರಿಗೂ ಕೊಡಿ.

ಬಸ್ಸಿನಲ್ಲಿ ಹೋಗಿಬರುವುದಾದರೆ ಒಂದು ಹಳೆ ಟವೆಲ್ ಜಾಸ್ತಿ ಇಟ್ಟುಕೊಳ್ಳಿ. ವಾಪಸ್ ಬರುವಾಗ ನಿದ್ದೆ ಬಂದೇ ಬರುತ್ತದೆ, ಕಿಟಕಿಗೆ ಒರಗಿದರೆ ಗಾಜಿಗೆಲ್ಲ ಎಣ್ಣೆ.